ನೇತ್ರಾಣಿಗೆ ಯಾವ ದೋಣಿ?

ನಮ್ಮ ಬಂದಳಿಕೆಯವರಿಗೂ ಕಡಲಿಗೂ ಅಷ್ಟಕ್ಕಷ್ಟೆ. ಶಿಕಾರಿಪುರ ತಾಲೂಕಿಗೆ ಸೇರಿದ್ದರೂ ಸೊರಬದ ಕಡೆಗೆ ವಾಲಿಕೊಂಡ ಊರು ನಮ್ಮದು. ಹಳೆಯ ಶಾಂತಿನಾಥ ಬಸದಿ, ಪಾಳುಬಿದ್ದ ದೇವಾಲಯಗಳು, ಕೆರೆ, ಗದ್ದೆ, ಇಷ್ಟೇ ನಮ್ಮ ಲೋಕ. ಪಶ್ಚಿಮಕ್ಕೆ ಘಟ್ಟ ಇಳಿದುಬಿಟ್ಟರೆ ಅರಬ್ಬಿ ಸಮುದ್ರ. ಆದರೆ ನಮ್ಮ ಗದ್ದೆಯ ಮಳೆನೀರು ಕೂಡ ಆ ಕಡೆಗೆ ಹೋಗುವುದಿಲ್ಲ. ಅದು ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಆಂಧ್ರವನ್ನೆಲ್ಲ ಸುತ್ತಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಮಕ್ಕಳೇ, ಬೇಕಾದರೆ ನಕಾಶೆ ಬಿಡಿಸಿ ನೋಡಿ, ಹತ್ತಿರದ ಸಮುದ್ರ ಬಿಟ್ಟು ದೂರದ ಸಮುದ್ರಕ್ಕೆ ಎಷ್ಟು ದಾರಿ ನಡೆಯುತ್ತದೆ ಅಂತ. ನೀರೇ ಹೋಗದ ದಿಕ್ಕಿಗೆ ಕಳೆದ ಜನವರಿಯಲ್ಲಿ ನಾನು ಮತ್ತು ನನ್ನ ಮೊಮ್ಮಗಳು ಹೋಗಿಬಂದೆವು.

ಮೊಮ್ಮಗಳಿಗೆ 12 ವರ್ಷ. ಶಿವಮೊಗ್ಗದಲ್ಲಿ ಏಳನೇ ತರಗತಿ. ಎರಡು ಬೇಸಿಗೆ ರಜೆಯಲ್ಲಿ ಈಜು ಕಲಿತಿದ್ದಾಳೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೋಡಿದಾಗಿನಿಂದ ಅವಳ ಬಾಯಲ್ಲಿ ಒಂದೇ ಹೆಸರು, ನೇತ್ರಾಣಿ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಸಮುದ್ರದ ಮಧ್ಯೆ ಇರುವ ಗುಡ್ಡದಂಥ ದ್ವೀಪ ಅದು. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಪಾರಿವಾಳದ ದ್ವೀಪ ಅಂತಲೂ ಕರೆಯುತ್ತಾರೆ. ಸುತ್ತಲಿನ ನೀರಿನಲ್ಲಿ ಹವಳವಿದೆ, ಬಣ್ಣಬಣ್ಣದ ಮೀನುಗಳಿವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವುದು ಸ್ಕೂಬಾ. ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೆ ಕೊಳವೆ ಹಾಕಿಕೊಂಡು ನೀರಿನ ಮೇಲೆಯೇ ತೇಲುತ್ತ ಕೆಳಗೆ ನೋಡುವುದು ಸ್ನಾರ್ಕ್ಲಿಂಗ್. ನಮ್ಮವಳಿಗೆ ಬೇಕಾಗಿದ್ದು ಈ ಎರಡನೆಯದು.

ಮಗ ಒಪ್ಪಲಿಲ್ಲ. ಅವನ ಹೆದರಿಕೆ ಸುಮ್ಮನೆ ಬಂದದ್ದಲ್ಲ. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ಕಡಲಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುಳುಗಿ ತೀರಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಮೊಮ್ಮಗಳೂ ಸುಮ್ಮನಿದ್ದಳು, ಆದರೆ ಆಸೆ ಬಿಟ್ಟಿರಲಿಲ್ಲ. ಒಂದು ರಜೆಯಲ್ಲಿ ಊರಿಗೆ ಬಂದವಳು ನಮ್ಮೂರ ಶಾಸನದ ಕಥೆ ಕೇಳಿದಳು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ಎಂಬಾಕೆ ನಾಗರಖಂಡ ಎಪ್ಪತ್ತನ್ನು ಆಳಿದ್ದಳು. ಕೊನೆಗೆ ಇದೇ ಬಂದಳಿಕೆಗೆ ಬಂದು ವ್ರತ ಹಿಡಿದು ದೇಹ ಬಿಟ್ಟಳು. ಅಷ್ಟು ಸಾಕಾಯಿತು. ಅಪ್ಪನಿಗೆ ಫೋನು ಮಾಡಿ, “ಸಾವಿರ ವರ್ಷದ ಹಿಂದೆ ಜಕ್ಕಿಯಬ್ಬೆ ನಾಡು ಆಳಿದಾಳಂತೆ, ನಾನು ಒಂದು ದೋಣಿ ಹತ್ತಬಾರದಾ?” ಅಂದಳು. ಮಗ ನಕ್ಕ. ನಕ್ಕವನು ಅರ್ಧ ಸೋತ ಹಾಗೆ. ಕೊನೆಗೆ ಒಂದು ಷರತ್ತು ಹಾಕಿದ: “ಅಮ್ಮ ಜೊತೆಗೆ ಹೋಗಬೇಕು. ದೋಣಿಯನ್ನು ಅಮ್ಮನೇ ಆರಿಸಬೇಕು, ನೀನಲ್ಲ.”

ನಾನು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ನಲವತ್ತು ಮಕ್ಕಳನ್ನು ಜೋಗ, ಬನವಾಸಿ, ಬೇಲೂರು ಸುತ್ತಿಸಿ ತಂದವಳು. ಈಜು ಬರುವುದಿಲ್ಲ, ಬಿ.ಪಿ. ಮಾತ್ರೆ ನುಂಗುತ್ತೇನೆ. ದೋಣಿಯ ವಿಷಯ ನನಗೇನು ಗೊತ್ತು? ಹಾಗಾಗಿ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬಂದಿದ್ದ ಹಳೆಯ ಸಹೋದ್ಯೋಗಿಯನ್ನು ಕೇಳಿದೆ. (ಅಂದ ಹಾಗೆ, ಲಕ್ಷದ್ವೀಪದ ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.) ಅಲ್ಲಿ ದೊಡ್ಡ ಹಡಗು ದ್ವೀಪದ ಹತ್ತಿರಕ್ಕೆ ಹೋಗುವುದಿಲ್ಲವಂತೆ. ಸುತ್ತ ಹವಳದ ದಿಬ್ಬ, ನೀರು ಆಳವಿಲ್ಲ. ಹೊರಗೇ ನಿಲ್ಲುತ್ತದೆ, ಸಣ್ಣ ದೋಣಿಗಳು ಬಂದು ಜನರನ್ನು ಇಳಿಸಿಕೊಳ್ಳುತ್ತವೆ. ಬೆಳಗ್ಗೆ ಇಳಿದವರು ಸಂಜೆಯೊಳಗೆ ಹಡಗು ಹತ್ತಬೇಕು. ಅವಳು ಹೋದ ಪ್ರವಾಸದಲ್ಲಿ ಎಲ್ಲ ಏರ್ಪಾಡೂ ಮೊದಲೇ ಆಗಿತ್ತು, ಆರಿಸುವ ತಲೆನೋವು ಇರಲಿಲ್ಲ. ಹಡಗು ಬೇರೆ ಬೇರೆ ದೇಶಗಳ ಬಂದರುಗಳಲ್ಲಿ ನಾಲ್ಕಾರು ತಾಸು ನಿಂತಾಗ ಮಾತ್ರ, ಯಾವ ದೋಣಿ ಹತ್ತುವುದು ಎಂದು ಜನ ಪೇಚಾಡುತ್ತಾರಂತೆ. “ಸಮಯ ಕಡಿಮೆ ಇದ್ದಾಗಲೇ ಮನುಷ್ಯ ಮೊದಲು ಸಿಕ್ಕಿದ್ದನ್ನು ಹಿಡಿಯೋದು. ನೀನು ಹಿಂದಿನ ದಿನವೇ ಹೋಗಿ ನೋಡು” ಎಂದಳು. ಒಂದು ಚೀಟಿಯಲ್ಲಿ ಪ್ರಶ್ನೆಗಳನ್ನೂ ಬರೆಸಿದಳು.

ಸೊರಬ, ಸಿದ್ದಾಪುರ, ಗೇರುಸೊಪ್ಪೆ ಘಟ್ಟ, ಹೊನ್ನಾವರ. ಮಧ್ಯಾಹ್ನಕ್ಕೆ ಮುರುಡೇಶ್ವರ. 123 ಅಡಿಯ ಶಿವನಿಗೆ ಕೈಮುಗಿದು, ಊಟ ಮುಗಿಸಿ, ದೋಣಿ ಆರಿಸಲು ಹೊರಟೆವು.

ಮೊದಲನೆಯವನು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಜನ?” ಉತ್ತರ ಕೇಳುವ ಮೊದಲೇ ಮೊಬೈಲ್ ತೆಗೆದು ವಿಡಿಯೊ ತೋರಿಸಿದ. ಗಾಜಿನಂಥ ನೀಲಿ ನೀರು, ಕಿತ್ತಳೆ ಬಿಳಿ ಪಟ್ಟೆಯ ಮೀನು. ನನಗೂ ಮನಸ್ಸು ಜಾರಿತು. ಮೊಮ್ಮಗಳು ಮೆಲ್ಲಗೆ ನನ್ನ ಸೆರಗೆಳೆದು, “ಅಜ್ಜಿ, ಆ ದೋಣಿ ಮೇಲೆ ಬರೆದಿರೋದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ” ಅಂದಳು. ಹೌದು, ಯಾವುದೋ ದೇಶದ ಯಾವುದೋ ಕಡಲು. ಅವನನ್ನು ಕೇಳಿದರೆ, “ಎಲ್ಲ ಕಡೆ ಮೀನು ಒಂದೇ ಅಲ್ವಾ ಅಮ್ಮ” ಎಂದ.

ಎರಡನೆಯವನ ದರ ಉಳಿದವರಿಗಿಂತ ತುಂಬಾ ಕಡಿಮೆ. ದೋಣಿಯನ್ನೇ ನೋಡಬೇಕೆಂದೆ, ತೋರಿಸಿದ. ಬಿಸಿಲಿಗೆ ಬಿಳಿಚಿದ ಲೈಫ್ ಜಾಕೆಟ್‌ಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿದ್ದರು. ಒಂದನ್ನು ಮೊಮ್ಮಗಳಿಗೆ ತೊಡಿಸಿ ಭುಜ ಹಿಡಿದು ಮೇಲೆತ್ತಿದೆ. ಜಾಕೆಟ್ ಅವಳ ಕಿವಿಯವರೆಗೆ ಬಂತು, ಹುಡುಗಿ ಕೆಳಗೇ ಉಳಿದಳು! ನೀರಿನಲ್ಲೂ ಹೀಗೆಯೇ ಆಗುತ್ತದೆ: ಜಾಕೆಟ್ ತೇಲುತ್ತದೆ, ಮಗು ಜಾರುತ್ತದೆ. ಮಕ್ಕಳ ಅಳತೆಯದು ಬೇರೆ ಇಲ್ಲವೇ ಎಂದರೆ, “ಗಟ್ಟಿ ಕಟ್ಟಿದ್ರಾಯ್ತು” ಎಂದ. ಒಂದು ಕೊಂಡಿ ಮುರಿದಿತ್ತು. ಕಟ್ಟುವುದು ಯಾವುದಕ್ಕೆ?

ಮೂರನೆಯ ಕಡೆ ಮಾತ್ರ ಬೇರೆಯೇ ನಡೆಯಿತು. ನಾನು ಚೀಟಿ ಬಿಚ್ಚುವಷ್ಟರಲ್ಲಿ ಅಲ್ಲಿದ್ದ ನಡುವಯಸ್ಸಿನವರು ಒಂದು ಹಾಳೆ ಮುಂದಿಟ್ಟು ಶುರುಮಾಡಿದರು. ಹುಡುಗಿಗೆ ಎಷ್ಟು ವಯಸ್ಸು? ಈಜು ಎಲ್ಲಿ ಕಲಿತದ್ದು, ಕಾಲು ನೆಲಕ್ಕೆ ತಾಗದ ಕಡೆ ಈಜಿದ್ದಾಳೋ? ಉಬ್ಬಸ ಉಂಟೋ? ಕಿವಿ ಸೋರುತ್ತದೋ? ಈಗ ನೆಗಡಿ ಇದೆಯೋ? ನಂತರ ನನ್ನ ಕಡೆ ತಿರುಗಿದರು. ಬಿ.ಪಿ.? ಸಕ್ಕರೆ? ಹೃದಯ? ಪ್ರಶ್ನೆ ಕೇಳಲು ಹೋದವಳು ಪರೀಕ್ಷೆಗೆ ಕುಳಿತ ಹಾಗಾಯಿತು. “ಅಜ್ಜಿ, ನೀವು ದೋಣಿಯಲ್ಲಿ ಕೂತ್ಕೊಳ್ಳಿ, ನೀರಿಗೆ ಬೇಡ. ಹುಡುಗಿ ಜೊತೆ ನಮ್ಮವ ಒಬ್ಬ ಇರ್ತಾನೆ” ಎಂದರು. ನೀರಿಗಿಳಿದಿದ್ದರೆ ನನ್ನಿಂದಲೂ ದುಡ್ಡು ಬರುತ್ತಿತ್ತು. ಬೇಡ ಎಂದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಆಮೇಲೆ ನನ್ನ ಸರದಿ. ಗಾಳಿ ಎದ್ದರೆ? “ಬೆಳಿಗ್ಗೆ ನೋಡಿ ಹೇಳ್ತೇನೆ. ಹೋಗದಿದ್ರೆ ದುಡ್ಡು ವಾಪಸ್.” ಲಂಗರು ಎಲ್ಲಿ ಹಾಕುತ್ತೀರಿ? ಈ ಪ್ರಶ್ನೆಗೆ ನನ್ನ ಮುಖವನ್ನೇ ನೋಡಿದರು. “ಮರಳಿರೋ ಕಡೆ. ಹವಳದ ಮೇಲೆ ಹಾಕಿದ್ರೆ ನಾಳೆ ನಿಮಗೆ ತೋರಿಸ್ಲಿಕ್ಕೆ ಏನುಂಟು?” ಹವಳ ಕಲ್ಲಿನಂತೆ ಕಂಡರೂ ಪುಟ್ಟ ಪುಟ್ಟ ಪ್ರಾಣಿಗಳ ಊರು, ಬೆಳೆಯುವುದು ಬಹಳ ನಿಧಾನ. ಸಮುದ್ರದ ನೀರು ಹೆಚ್ಚು ಬಿಸಿಯಾದರೆ ತಮ್ಮೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಗಿತ್ತು. ಸಾಲದ್ದಕ್ಕೆ ನಮ್ಮ ಲಂಗರು, ನಮ್ಮ ಕಾಲು.

ಚೀಟಿಯ ಕೊನೆಯ ಪ್ರಶ್ನೆ: ಜನರನ್ನು ಯಾರು ಎಣಿಸುತ್ತಾರೆ? ಸಹೋದ್ಯೋಗಿ ಅದರ ಕೆಳಗೆ ಎರಡು ಗೆರೆ ಎಳೆಸಿದ್ದಳು. 1998ರ ಜನವರಿಯಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯೊಂದು ನೀರಿಗಿಳಿದಿತ್ತು. ಎಣಿಕೆ ತಪ್ಪಿ ದೋಣಿ ಅವರನ್ನು ಬಿಟ್ಟು ದಡಕ್ಕೆ ಬಂದುಬಿಟ್ಟಿತು. ಇಬ್ಬರು ಇಲ್ಲ ಎಂದು ಗೊತ್ತಾಗಲು ಎರಡು ದಿನ ಬೇಕಾಯಿತು. ಅವರು ಸಿಗಲೇ ಇಲ್ಲ. ಈ ಪ್ರಶ್ನೆಗೆ ಅವರು ಮಾತಿನಲ್ಲಿ ಉತ್ತರಿಸಲಿಲ್ಲ. “ನಾಳೆ ನೋಡಿ” ಎಂದರು. ಮುಂಗಡ ಕೊಟ್ಟೆ.

ಬೆಳಿಗ್ಗೆ ಎರಡು ಇಡ್ಲಿ ಸಾಕು, ಎಣ್ಣೆ ತಿಂಡಿ ಬೇಡ ಎಂದಿದ್ದರು. ಏಳೂವರೆಗೆ ದೋಣಿ ಹೊರಟಿತು. ಬೆಳಗಿನ ಹೊತ್ತು ಕಡಲು ಶಾಂತ, ಮಧ್ಯಾಹ್ನದ ಕಡೆಗೆ ಗಾಳಿ ಏಳುತ್ತದೆ. ಶಿವನ ಮೂರ್ತಿ ಸಣ್ಣದಾಗುತ್ತ ಹೆಬ್ಬೆರಳಷ್ಟಾಯಿತು. ನನ್ನ ಹೊಟ್ಟೆ ತೊಳಸತೊಡಗಿತು. ಕಣ್ಣಿಗೆ ಕಾಣುವ ದೋಣಿ ಅಲುಗಾಡದಂತಿರುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಅಲುಗುತ್ತಿದೆ ಎನ್ನುತ್ತದೆ. ಎರಡರ ಜಗಳದಲ್ಲಿ ಹೊಟ್ಟೆಗೆ ಶಿಕ್ಷೆ. “ದೂರದ ಗೆರೆ ನೋಡಿ ಅಜ್ಜಿ” ಎಂದ ದೋಣಿಯ ಹುಡುಗ. ಆಕಾಶ ಕಡಲು ಸೇರುವ ಗೆರೆಯನ್ನೇ ನೋಡುತ್ತ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಶುಂಠಿ ಚೂರು ಬಾಯಿಗೆ ಹಾಕಿಕೊಂಡೆ.

ನೇತ್ರಾಣಿ ಹತ್ತಿರ ಬಂತು. ಕಡಿದಾದ ಬಂಡೆ, ಮೇಲೆ ದಟ್ಟ ಹಸಿರು. ಬಿಳಿ ಹೊಟ್ಟೆಯ ಕಡಲ ಹದ್ದೊಂದು ಸುತ್ತುತ್ತಿತ್ತು. ಮೀನುಗಾರರು ಹರಕೆಗೆ ತಂದು ಬಿಟ್ಟ ಆಡುಗಳು ದ್ವೀಪದಲ್ಲಿ ಕಾಡಾಡುಗಳಾಗಿ ತಿರುಗುತ್ತವೆಯಂತೆ; ನನಗೆ ಒಂದೂ ಕಾಣಲಿಲ್ಲ.

ನೀರಿಗಿಳಿಯುವ ಮೊದಲು ಪಾಠ. ನೀರಿನಲ್ಲಿ ಬರಿಗಣ್ಣಿಗೆ ಎಲ್ಲ ಮಸುಕು. ಮುಖವಾಡದೊಳಗಿನ ಗಾಳಿಯಿಂದ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ. ಹಾಗಾಗಿ ಕೈಗೆ ಸಿಗುವಂತಿದ್ದರೂ ಏನನ್ನೂ ಮುಟ್ಟಬಾರದು. ಗಾಜಿಗೆ ಹಬೆ ಕಟ್ಟದಿರಲು ಅದಕ್ಕೆ ಉಗುಳಿ ಉಜ್ಜಬೇಕು! ಕಂಡಕಂಡಲ್ಲಿ ಉಗುಳಬೇಡಿ ಎಂದು ಮೂವತ್ತು ವರ್ಷ ಪಾಠ ಮಾಡಿದ ನಾನು ಮುಖ ತಿರುಗಿಸಿಕೊಂಡೆ. ಮೊಮ್ಮಗಳ ಸಂಶಯ ಬೇರೆ: “ಕೊಳವೆ ಇನ್ನೂ ಉದ್ದ ಇದ್ದಿದ್ರೆ ಆಳಕ್ಕೆ ಹೋಗಬಹುದಿತ್ತಲ್ಲ?” ಆಗುವುದಿಲ್ಲ. ಬಿಟ್ಟ ಉಸಿರು ಕೊಳವೆಯೊಳಗೇ ಉಳಿದು ಅದನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಜೊತೆಗೆ ಒಂದು ಮೀಟರ್ ಆಳದಲ್ಲೇ ನೀರಿನ ಭಾರ ಎದೆಯನ್ನು ಒತ್ತಿ ಉಸಿರೆಳೆಯಲು ಬಿಡುವುದಿಲ್ಲ.

ಅಳತೆಗೆ ಸರಿಯಾದ ಜಾಕೆಟ್ ಹಾಕಿಕೊಂಡು ಏಣಿ ಇಳಿದಳು. ಅರ್ಧ ನಿಮಿಷವಾಗಿರಲಿಲ್ಲ, ಕೆಮ್ಮುತ್ತ ತಲೆ ಎತ್ತಿದಳು. ಕೊಳವೆಗೆ ನೀರು ನುಗ್ಗಿತ್ತು. “ಅಜ್ಜೀ, ಬೇಡ!” ಆ ದನಿ ಕೇಳಿ ನನಗೆ ಎದೆಯೇ ನಿಂತ ಹಾಗಾಯಿತು; ಮಗನ ಮುಖ ಕಣ್ಣಮುಂದೆ ಬಂತು. ಜೊತೆಗಿದ್ದ ಮಾರ್ಗದರ್ಶಿ ಅವಳ ತೋಳು ಹಿಡಿದು ಏಣಿಗೆ ತಂದ. “ಸಾಕಾದ್ರೆ ಸಾಕು, ಮೇಲೆ ಬಾ” ಎಂದ, ಅಷ್ಟೇ. ದೋಣಿಯಲ್ಲಿದ್ದ ಯಾರೋ ಒಬ್ಬರು, “ದುಡ್ಡು ಕೊಟ್ಟಿದೀರಿ, ಹೆದರಿದ್ರೆ ಹೇಗೆ?” ಎಂದು ಹುರಿದುಂಬಿಸಲು ಬಂದರು. ಅವನು ಅವರತ್ತ ನೋಡಿ ತಲೆಯಾಡಿಸಿದ, ಅವರು ಸುಮ್ಮನಾದರು. ಟವೆಲ್ ಹೊದ್ದು ಹತ್ತು ನಿಮಿಷ ಕುಳಿತಳು. ನಾನೂ ಒಂದು ಮಾತಾಡಲಿಲ್ಲ. ಆಮೇಲೆ ತಾನಾಗಿಯೇ ಮುಖವಾಡ ಎತ್ತಿಕೊಂಡಳು. ಈ ಸಲ ಅವನು ಏಣಿ ಬಿಡಿಸಲಿಲ್ಲ. ಏಣಿ ಹಿಡಿದೇ ಮುಖ ನೀರಿಗಿಡು, ಹತ್ತು ಎಣಿಸು, ತಲೆ ಎತ್ತು. ಮತ್ತೆ ಇಪ್ಪತ್ತು. ಮೂರನೆಯ ಸಲ ಅವಳು ತಲೆ ಎತ್ತಲೇ ಇಲ್ಲ. ಕೈ ಏಣಿ ಬಿಟ್ಟಿತ್ತು.

ನನಗೆ ಕಂಡದ್ದು ಒಂದು ಕಿತ್ತಳೆ ಬಣ್ಣದ ಬೆನ್ನು, ಒಂದು ಕೊಳವೆ, ಪಕ್ಕದಲ್ಲಿ ಅವನ ಕೈ. ಅವಳಿಗೆ ಕಂಡದ್ದನ್ನು ಇಡೀ ದಾರಿ ಕೇಳಿದೆ. ಚಿಟ್ಟೆ ಮೀನು, ಮೈಮೇಲೆ ಕಪ್ಪು ಪಟ್ಟೆಯ ಮೀನಿನ ಹಿಂಡು, ಬಂಡೆಯ ಸಂದಿಯಿಂದ ಇಣುಕುವ ಯಾರದೋ ಸಿಡುಕು ಮುಖ. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಸದ್ದು. ಗಿಳಿಮೀನು ಹವಳದ ಬಂಡೆಯನ್ನು ಕೊಕ್ಕಿನಂಥ ಹಲ್ಲಿನಿಂದ ಕಟಕಟ ಕೆರೆಯುವುದು ನೀರಿನಲ್ಲಿ ಕೇಳಿಸುತ್ತದಂತೆ, ಅಜ್ಜ ಚಕ್ಕುಲಿ ತಿಂದ ಹಾಗೆ. ಪಾಚಿ ತಿಂದು, ನುಣ್ಣಗಾದ ಸುಣ್ಣವನ್ನು ಅದು ಹೊರಹಾಕುತ್ತದೆ. ಮಾಲ್ದೀವ್ಸ್ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಹೀಗೆ ಬಂದದ್ದೇ ಎಂದು ಮಾರ್ಗದರ್ಶಿ ಹೇಳಿದ. “ಹಾಗಾದ್ರೆ ಅಲ್ಲಿ ಎಲ್ಲರೂ ಮೀನಿನ ಸಗಣಿ ಮೇಲೆ ಫೋಟೊ ತೆಗೆಸ್ಕೊಳ್ಳೋದಾ?” ಎಂದು ನಮ್ಮವಳು ನಕ್ಕಿದ್ದೇ ನಕ್ಕಿದ್ದು.

ಹನ್ನೊಂದರ ಹೊತ್ತಿಗೆ ನೀರಿನ ಮೇಲೆ ಸಣ್ಣ ಸಣ್ಣ ಮುರಿ ಎದ್ದವು. ಸೀಟಿ ಊದಿದರು. ಯುವಕನೊಬ್ಬ ಇನ್ನೈದು ನಿಮಿಷ ಎಂದು ಗೋಗರೆದ. ಐದು ಸೆಕೆಂಡೂ ಸಿಗಲಿಲ್ಲ. ಏಣಿ ಹತ್ತುವಾಗ ಒಬ್ಬ ಎಣಿಸಿದ. ಎಲ್ಲರೂ ಕುಳಿತ ಮೇಲೆ ಹಿಂದಿನ ದಿನ ಕಂಡ ಆ ನಡುವಯಸ್ಸಿನವರೇ ಹಾಳೆ ಹಿಡಿದು ಬಂದು, ಒಬ್ಬೊಬ್ಬರ ಹೆಸರು ಕರೆದು, ಮುಖ ನೋಡಿ ಗುರುತು ಹಾಕಿದರು. ಹದಿಮೂರು. ನಂತರ ನನ್ನ ಮುಂದೆ ನಿಂತು, ನೀರನ್ನು ಕಾಲಿಗೂ ಸೋಕಿಸಿಕೊಳ್ಳದ ನನ್ನ ಹೆಸರನ್ನೂ ಗಟ್ಟಿಯಾಗಿ ಕರೆದರು. ಶಾಲೆಯ ಹಾಜರಿ ನೆನಪಾಗಿ ನನ್ನ ಕೈ ತಾನಾಗಿ ಮೇಲೆದ್ದಿತು. “ಹದಿನಾಲ್ಕು” ಎಂದು ಬರೆದುಕೊಂಡ ಮೇಲೆಯೇ ಎಂಜಿನ್ ಶುರುವಾದದ್ದು.