ಸೋಮವಾರದ ತೇರ್ಸ್, ಮಂಗಳವಾರದ ತೇರ್ಸ್

ಮಂಗಳೂರು
ಆಗಸ್ಟ್ ಕೊನೆಯ ವಾರ

ಪ್ರೀತಿಯ ಗೆಳತಿಗೆ,

ನಿಮ್ಮ ಕಾಗದ ಬಂತು. ತೀರಿಕೊಂಡ ಅಮ್ಮನ ತಿಂಗಳ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುವಾಗ ಪರಿಚಯದವರೊಬ್ಬರು, ‘ವಿಶ್ವಾಸ ಇರುವವರು ಹೀಗೆಲ್ಲ ಅಳಬಾರದು, ಅವರು ದೇವರ ಬಳಿ ಇದ್ದಾರಲ್ಲ, ಸಂತೋಷಪಡಿ’ ಅಂದರೆಂದು ಬರೆದಿದ್ದೀರಿ. ಹಾಗಾದರೆ ನನ್ನ ವಿಶ್ವಾಸದಲ್ಲೇ ಕೊರತೆ ಇದೆಯೇ ಎಂದು ಕೇಳಿದ್ದೀರಿ. ಓದಿ ಸಂಕಟವಾಯಿತು. ಇಲ್ಲ, ಖಂಡಿತ ಇಲ್ಲ. ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತರು. ಇನ್ನೊಂದು ಗಳಿಗೆಯಲ್ಲಿ ಅವನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಅತ್ತರು. ಮಾರ್ತಾ, ಮರಿಯ ಎಂಬ ಆ ಅಕ್ಕತಂಗಿಯರಿಗೆ ಅಳು ನಿಲ್ಲಿಸಿ ಎಂದು ಅವರು ಹೇಳಿದ್ದು ಯೊವಾನ್ನನ ಶುಭಸಂದೇಶದಲ್ಲಿ ಎಲ್ಲೂ ಇಲ್ಲ. ದೇವರ ಮಗನಿಗೆ ಬೇಡವಾದ ಅವಸರ ನಮಗೇಕೆ?

ನಿಮ್ಮ ಕಾಗದದಲ್ಲಿ ಇನ್ನೊಂದು ಸಾಲಿದೆ. ಸಂಜೆಯ ಜಪಸರದ ತೇರ್ಸ್ ಮುಗಿದ ಮೇಲೆ ಬೆಸಾಂವ್, ಅಂದರೆ ಹಿರಿಯರ ಆಶೀರ್ವಾದ, ಕೇಳಲು ಅಮ್ಮ ಇಲ್ಲ, ಮಕ್ಕಳು ಕೈಜೋಡಿಸಿಕೊಂಡು ನನ್ನ ಮುಂದೆಯೇ ಬಂದು ನಿಲ್ಲುತ್ತಾರೆ ಎಂದಿದ್ದೀರಿ. ಅಲ್ಲಿ ನಾನು ಓದು ನಿಲ್ಲಿಸಿದೆ. ಮನೆಯ ಹಿರಿತನ ಹೀಗೆ, ಕೇಳದೆ, ಒಂದು ಸಂಜೆ ಹೆಗಲಿಗೆ ಬಂದು ಕೂರುತ್ತದೆ.

ಆ ತೇರ್ಸನ್ನೇ ನೋಡಿ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು. ಗುರುವಾರಕ್ಕೆ ಬೆಳಕಿನ ರಹಸ್ಯಗಳನ್ನು ಸೇರಿಸಿದವರು ಪೋಪ್ ಎರಡನೇ ಜಾನ್ ಪಾಲ್, 2002ರಲ್ಲಿ. ಈ ಕ್ರಮ ನಮ್ಮ ಮನಸ್ಸು ಹೇಗಿದೆಯೆಂದು ಕೇಳುವುದಿಲ್ಲ. ಮದುವೆಗೆ ಮೊದಲಿನ ರೋಸ್ ಶಾಸ್ತ್ರದ ಹಿಂದಿನ ಸಂಜೆ ಮಂಗಳವಾರ ಬಿದ್ದರೆ, ಮದುಮಗಳ ಮನೆಯವರೆಲ್ಲ ಮೊಣಕಾಲೂರಿ ಮುಳ್ಳಿನ ಕಿರೀಟವನ್ನು ಧ್ಯಾನಿಸುತ್ತಾರೆ. ಸಾವಿನ ಮನೆಯಲ್ಲಿ ಸೋಮವಾರ ಬಂದರೆ ಯೇಸುವಿನ ಜನನವನ್ನು ನೆನೆಯುತ್ತಾರೆ. ಸಣ್ಣವಳಿದ್ದಾಗ ಇದು ನನಗೆ ನಿಷ್ಕರುಣೆಯೆಂದು ಕಂಡಿತ್ತು. ಈಗ ಹಾಗನ್ನಿಸುವುದಿಲ್ಲ. ನೀವು ಶುಕ್ರವಾರ ಹೇಳುವ ಪ್ರಾರ್ಥನೆಯನ್ನೇ ಅದೇ ಸಂಜೆ ಬೆಂದೂರಿನಲ್ಲಿ, ಕುಲಶೇಖರದಲ್ಲಿ, ಮಸ್ಕತ್ತಿನ ಯಾವುದೋ ಫ್ಲ್ಯಾಟಿನಲ್ಲಿ, ಅಂದು ದುಃಖವೇ ಇಲ್ಲದವರೂ ಹೇಳುತ್ತಿರುತ್ತಾರೆ. ನಿಮ್ಮ ಪಾಲಿನ ಅಳುವಿಗೆ ಅವರು ದನಿಗೂಡಿಸುತ್ತಾರೆ. ಸೋಮವಾರ ನಿಮಗೆ ಸಂತೋಷಪಡಲು ಆಗದಿದ್ದರೆ ನಿಮ್ಮ ಪರವಾಗಿ ಅವರೇ ಸಂತೋಷಪಡುತ್ತಾರೆ. ನಾಳೆ ಅವರ ಸರದಿ ಬಂದಾಗ ನೀವು ಅವರಿಗಾಗಿ.

ಇನ್ನೂ ಒಂದು ಮಾತು. ಸಂತೋಷದ ಐದು ರಹಸ್ಯಗಳಲ್ಲಿ ನಾಲ್ಕನೆಯದು ಕೂಸನ್ನು ದೇವಾಲಯದಲ್ಲಿ ಒಪ್ಪಿಸಿದ್ದು. ಮುದುಕ ಸಿಮೆಯೋನನು ಮಗುವನ್ನು ಎತ್ತಿಕೊಂಡು ಹಿಗ್ಗಿ, ಮರುಕ್ಷಣವೇ ಮರಿಯಮ್ಮನ ಎದೆಗೆ ಕತ್ತಿ ಇಳಿಯುವ ಮಾತಾಡುತ್ತಾನೆ. ಐದನೆಯದರಲ್ಲಿ ತಾಯಿ ತಂದೆ ಹನ್ನೆರಡರ ಹುಡುಗನನ್ನು ಕಳೆದುಕೊಂಡು ಮೂರು ದಿನ ಹುಡುಕುತ್ತಾರೆ. ಇವನ್ನು ಸಂತೋಷದ ಪಟ್ಟಿಯಿಂದ ಯಾರೂ ತೆಗೆದುಹಾಕಿಲ್ಲ. ಅತ್ತ ಮಹಿಮೆಯ ರಹಸ್ಯದಲ್ಲಿ ಪುನರುತ್ಥಾನವಾದ ಮೇಲೂ ಅಂಗೈಯ ಗಾಯ ಮಾಯಲಿಲ್ಲ. ತೋಮನಿಗೆ ತೋರಿಸಿದ್ದು ಅದನ್ನೇ.

ಸಂತೋಷ, ದುಃಖ ಜೊತೆಗೇ ಇರುತ್ತವೆಂಬುದು ನಮ್ಮ ಊರಿಗೆ ಪುಸ್ತಕದಿಂದ ಬಂದ ಪಾಠವಲ್ಲ. ಗರಿಗಳ ಭಾನುವಾರ ಹೊಸಾನ್ನ ಹಾಡಿ ಮನೆಗೆ ತಂದ ತೆಂಗಿನ ಎಳೆಗರಿಯನ್ನು ನಾವು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ಮರುವರ್ಷ ಬೂದಿ ಬುಧವಾರಕ್ಕೆ ಮೊದಲು ಅವನ್ನು ಒಟ್ಟುಮಾಡಿ ಸುಡುತ್ತಾರೆ. ಹಣೆಗೆ ಹಚ್ಚುವ ಬೂದಿ ಅದೇ. ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರ ಬೂದಿ ಬುಧವಾರದ ಹೊತ್ತಿಗೇ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಎಷ್ಟು ಸಾವಿರ ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಗುರುಗಳನ್ನು ಗಡೀಪಾರು ಮಾಡಲಾಗಿತ್ತು. ಘಟ್ಟ ಹತ್ತುವಾಗ, ಸೆರೆಯಲ್ಲಿ, ಬಹಳ ಮಂದಿ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನನ ಆಳ್ವಿಕೆ ಕೊನೆಗೊಂಡ ಮೇಲೆ ಉಳಿದವರು ಮರಳಿದರು. ಆಗ ನಮ್ಮ ಊರಿನ ಮಿಲಾಗ್ರಿಸ್ ಇಗರ್ಜಿ ನೆಲಸಮವಾಗಿತ್ತು, ಎಷ್ಟೋ ಕುಟುಂಬಗಳ ಗದ್ದೆ ಬೇರೆಯವರ ಪಾಲಾಗಿತ್ತು. ಇದನ್ನು ಯಾರ ಮೇಲೂ ಸಿಟ್ಟು ಹುಟ್ಟಿಸಲು ಬರೆಯುತ್ತಿಲ್ಲ. ಹದಿನೈದು ವರ್ಷ ಪೂಜೆಯ ಗಂಟೆ ಕೇಳದವರ ಮೊಮ್ಮಕ್ಕಳೇ ನಾವು, ಅಷ್ಟೇ.

ಆ ಸೆರೆಗಿಂತ ಮೊದಲೇ, 1763ರಲ್ಲಿ, ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವಾದ ಗುರು ಜೋಕಿಂ ಮಿರಾಂದಾ ಅವರು ಮೊಂತಿ ಫೆಸ್ತ್ ಶುರುಮಾಡಿದರೆನ್ನುತ್ತಾರೆ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲ ಮರಿಯಮ್ಮನಿಗೆ ಸುರಿಯುತ್ತಾರೆ. ಗದ್ದೆ, ಇಗರ್ಜಿ, ಹಾಡು ಎಲ್ಲವನ್ನೂ ಕಳೆದುಕೊಂಡ ಜನರ ನಡುವೆ ಈ ಹಬ್ಬ ಉಳಿದುಕೊಂಡಿದೆ. ನನಗೆ ಕ್ರೈಸ್ತರ ಸಂತೋಷ ಅಂದರೆ ಇದೇ: ಏನೂ ಆಗಿಲ್ಲವೆಂಬಂತೆ ನಗುವುದಲ್ಲ, ಸತ್ತವರ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಿಕೊಂಡೇ ಹೊಸ ತೆನೆಗೆ ಕೈಯೊಡ್ಡುವುದು. ಸಂತೋಷಪಡಿರೆಂದು ಮತ್ತೆ ಮತ್ತೆ ಹೇಳುವ ಫಿಲಿಪ್ಪಿಯವರ ಪತ್ರವನ್ನು ಪೌಲ ಬರೆದದ್ದೂ ಸೆರೆಮನೆಯಿಂದಲೇ. ನಿಮ್ಮ ಆ ಪರಿಚಯದವರು ಈ ಪತ್ರವನ್ನೇ ನೆನೆದು ಮಾತಾಡಿರಬಹುದು. ಆದರೆ ಕೋಳ ತೊಟ್ಟವನು ಕೊಡುವ ಸಾಂತ್ವನಕ್ಕೂ ಇಗರ್ಜಿಯ ಬಾಗಿಲಲ್ಲಿ ಸಿಗುವ ಸಲಹೆಗೂ ತುಂಬ ವ್ಯತ್ಯಾಸವಿದೆ.

ಈ ವರ್ಷ ಹಬ್ಬ ಮಾಡುವುದೋ ಬೇಡವೋ ಎಂದೂ ಕೇಳಿದ್ದೀರಿ. ದೊಡ್ಡದಾಗಿ ಮಾಡಬೇಡಿ, ಪೂರ್ತಿ ಬಿಡಲೂಬೇಡಿ. ಆಶೀರ್ವದಿಸಿದ ತೆನೆಯನ್ನು ಮನೆಗೆ ತನ್ನಿ. ಭತ್ತ ಸುಲಿದು ಪಾಯಸಕ್ಕೆ ಹಾಕುವ ಕೆಲಸ ಅಮ್ಮನದಾಗಿತ್ತಲ್ಲ, ಅದನ್ನು ಮಕ್ಕಳ ಕೈಗೆ ಕೊಡಿ. ಸತ್ತವರನ್ನು ಸ್ಮರಿಸುವ ನವೆಂಬರ್ 2ರಂದು ಅಮ್ಮನ ಸಮಾಧಿಗೆ ಹೂ, ಮೇಣದ ಬತ್ತಿ ಇಡಲು ನಾನೂ ಬರುತ್ತೇನೆ, ಬಸ್ಸಿನ ಸಮಯ ತಿಳಿಸಿ. ಅದಕ್ಕೂ ಮೊದಲು ನಿಮಗೆ ಮನೆಯಲ್ಲಿ ನೀವಷ್ಟೇ ಇರುವುದು ಕಷ್ಟವೆನಿಸಿದರೆ ಸೆಪ್ಟೆಂಬರ್ ಎಂಟನೇ ತಾರೀಕು ಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದುಬಿಡಿ. ಬಾಳೆಎಲೆಯಲ್ಲಿ ಸಸ್ಯಾಹಾರದ ಊಟ, ಎಲ್ಲರೂ ಇರುತ್ತಾರೆ. ಎಲೆಯ ಮುಂದೆ ಅಳು ಬಂದರೆ ಅತ್ತುಬಿಡಿ. ನಮ್ಮ ಮನೆಯಲ್ಲಿ ಯಾರೂ ತಡೆಯುವುದಿಲ್ಲ.

ನಿಮ್ಮ
ಗೆಳತಿ