ಅಷ್ಟಕೋನ ಮುದ್ರೆಯ ಊರು

ಆಕ್ಸ್‌ಫರ್ಡಿನ ಗೋಪುರಗಳನ್ನು ಹಿಂದೆ ಬಿಟ್ಟು ಥೇಮ್ಸ್ ನದಿಯ ಜೊತೆಯಲ್ಲಿ ದಕ್ಷಿಣಕ್ಕೆ ಹೊರಟರೆ ಆರೇಳು ಮೈಲಿ ಸಾಗುವಷ್ಟರಲ್ಲಿ ಆಬಿಂಗ್ಡನ್ ಸಿಕ್ಕುತ್ತದೆ. ದೊಡ್ಡ ಊರಲ್ಲ, ಹಾಗೆಂದು ಹಳ್ಳಿಯೂ ಅಲ್ಲ. ಆಕ್ಸ್‌ಫರ್ಡನ್ನು ನೋಡಿ ದಣಿದ ಪ್ರವಾಸಿಗಳಲ್ಲಿ ಬಹುಮಂದಿ ಇತ್ತ ತಲೆಹಾಕುವುದೇ ಇಲ್ಲ. ಅವರು ಕಳೆದುಕೊಳ್ಳುವುದು ಅಲ್ಪವೇನಲ್ಲ. 1416ರಲ್ಲಿ ಕಟ್ಟತೊಡಗಿದ ಕಲ್ಲಿನ ಸೇತುವೆ, ಹೊಳೆಯಂಚಿನಲ್ಲೇ ಶಿಖರವೆತ್ತಿ ನಿಂತ ಸಂತ ಹೆಲೆನ್ನಳ ಚರ್ಚು, ಎಂಟನೆಯ ಹೆನ್ರಿ ದೊರೆಯ ಕಾಲದಲ್ಲಿ, 1538ರಲ್ಲಿ, ಮುಚ್ಚಿಹೋದ ಕ್ರೈಸ್ತಮಠದ ಅಳಿದುಳಿದ ಕಟ್ಟಡಗಳು, ಇವೆಲ್ಲ ಒಂದು ಗಂಟೆಯ ನಡಿಗೆಯೊಳಗೆ ಕಾಣಸಿಗುತ್ತವೆ. ಒಂದು ಕಾಲಕ್ಕೆ ಈ ಊರು ಬರ್ಕ್‌ಷೈರ್ ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. ಆ ಪದವಿ ಹತ್ತೊಂಬತ್ತನೆಯ ಶತಮಾನದಲ್ಲಿ ರೆಡಿಂಗ್ ಪಟ್ಟಣಕ್ಕೆ ಹೋಯಿತು. 1974ರಲ್ಲಿ ಊರೇ ಬರ್ಕ್‌ಷೈರನ್ನು ಬಿಟ್ಟು ಆಕ್ಸ್‌ಫರ್ಡ್‌ಷೈರಿಗೆ ಸೇರಿತು. ತನ್ನದೆಂದುಕೊಂಡದ್ದು ಕೈಬಿಟ್ಟುಹೋಗುವುದು ಆಬಿಂಗ್ಡನ್ನಿಗೆ ಹೊಸತಲ್ಲ.

ಸಂತೆಪೇಟೆಯ ನಡುವೆ 1678ರಿಂದ 1682ರವರೆಗೆ ಕಟ್ಟಿದ ಪುರಭವನವೊಂದಿದೆ. ಕೆಳಗೆ ಕಮಾನುಗಳು, ಮೇಲೆ ನ್ಯಾಯಸ್ಥಾನಕ್ಕೆಂದು ಕಟ್ಟಿದ ಎತ್ತರವಾದ ಸಭಾಂಗಣ. ರಾಜಮನೆತನದಲ್ಲಿ ಪಟ್ಟಾಭಿಷೇಕವೋ ಉತ್ಸವವೋ ನಡೆದಾಗ ಪುರಸಭೆಯ ಸದಸ್ಯರು ತಮ್ಮ ಅಧಿಕಾರದ ನಿಲುವಂಗಿಗಳನ್ನು ತೊಟ್ಟು ಈ ಕಟ್ಟಡದ ಮಾಳಿಗೆಯೇರಿ, ಕೆಳಗೆ ನೆರೆದ ಜನರ ಮೇಲೆ ಬನ್ನುಗಳನ್ನು ಎಸೆಯುವ ಪದ್ಧತಿ ಇಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಹಾಗೆ ಎಸೆದ ಬನ್ನುಗಳಲ್ಲಿ ಕೆಲವನ್ನು ತಿನ್ನದೆ ಒಣಗಿಸಿ ಸಂಗ್ರಹಾಲಯದಲ್ಲಿ ಜೋಪಾನವಾಗಿ ಇರಿಸಿದ್ದಾರೆ! ಬನ್ನನ್ನೂ ಬಿಸಾಡಲೊಲ್ಲದ ಈ ಜನ ಅದೇ ಸಂಗ್ರಹಾಲಯದಲ್ಲಿ ಒಂದು ಮೋಟಾರು ಕಾರನ್ನೂ ಇಟ್ಟುಕೊಂಡಿದ್ದಾರೆ ಎಂದರೆ ಆಶ್ಚರ್ಯಪಡಬೇಕಾದ್ದಿಲ್ಲ. ಆ ಕಾರು ಎಂಜಿಬಿ. ಇದೇ ಊರಿನಲ್ಲಿ ಹುಟ್ಟಿದ್ದು. ಊರಿನ ಕಾರ್ಖಾನೆ ಉಸಿರು ನಿಲ್ಲಿಸುವ ಕಾಲದಲ್ಲಿ ಹೊರಬಂದದ್ದು.

ಬೆಂಗಳೂರಿನವರಿಗೆ ಎಂ.ಜಿ. ಎಂದೊಡನೆ ಮಹಾತ್ಮ ಗಾಂಧಿ ರಸ್ತೆಯ ನೆನಪಾಗುವುದು ಸಹಜ. ಈ ಎಂಜಿ ಮಾತ್ರ ಮೋರಿಸ್ ಗ್ಯಾರೇಜಸ್ ಎಂಬುದರ ಹ್ರಸ್ವರೂಪ. ಮುಂದೆ ಲಾರ್ಡ್ ನಫೀಲ್ಡ್ ಎನಿಸಿದ ವಿಲಿಯಂ ಮೋರಿಸ್ ಆಕ್ಸ್‌ಫರ್ಡಿನಲ್ಲಿ ನಡೆಸುತ್ತಿದ್ದ ಮೋಟಾರು ಅಂಗಡಿಯದು. ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ ಎಂಬಾತನಿಗೆ ಸಾದಾ ಮೋರಿಸ್ ಕಾರನ್ನು ಹಾಗೆಯೇ ಮಾರಲು ಮನಸ್ಸಿರಲಿಲ್ಲ. ಅದಕ್ಕೆ ಚೆಲುವಾದ ಮೈಯನ್ನು ತೊಡಿಸಿ, ಎಂಜಿನ್ನನ್ನು ತಿದ್ದಿ, ಎಂಟು ಮೂಲೆಯ ಮುದ್ರೆಯೊಳಗೆ ಎರಡಕ್ಷರ ಬರೆಸಿ ಬೀದಿಗೆ ಬಿಟ್ಟನು. 1929ರಲ್ಲಿ ಆಬಿಂಗ್ಡನ್ನಿನ ಪಾವ್ಲೋವಾ ಚರ್ಮದ ಕಾರ್ಖಾನೆಯ ಬರಿದಾಗಿದ್ದ ಭಾಗಕ್ಕೆ ಉದ್ಯಮವು ಸ್ಥಳಾಂತರಗೊಂಡಿತು. ಚರ್ಮ ಹದಮಾಡುವ ವಾಸನೆಯ ನೆರೆಯಲ್ಲಿ ಜಗತ್ತಿನ ಅಚ್ಚುಮೆಚ್ಚಿನ ಕ್ರೀಡಾಕಾರುಗಳು ಹುಟ್ಟಿದವು. ಕಿಂಬರನ ಕಥೆ ಮಾತ್ರ ದುಃಖದ್ದು. ಮೇಲಿನವರೊಡನೆ ಒಡಕು ಬಂದು 1941ರಲ್ಲಿ ಆತನು ತಾನೇ ಬೆಳೆಸಿದ ಸಂಸ್ಥೆಯಿಂದ ಹೊರಬೀಳಬೇಕಾಯಿತು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ನಡೆದ ರೈಲು ಅಪಘಾತದಲ್ಲಿ ಮಡಿದನು.

1962ರಲ್ಲಿ ಬಂದ ಎಂಜಿಬಿ ಈ ವಂಶದ ಅತ್ಯಂತ ಜನಪ್ರಿಯ ಕುಡಿ. 1798 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು, ಜೋಡಿ ಕಾರ್ಬ್ಯುರೇಟರು, ಇಬ್ಬರಿಗೆ ಸಾಕಾಗುವ ಆಸನ, ಮಡಿಸುವ ಟಾಪು; ವೇಗ ಗಂಟೆಗೆ 100 ಮೈಲಿಗೆ ತುಸು ಹೆಚ್ಚು. ಐಶ್ವರ್ಯವಂತರ ಆಟಿಕೆಯಲ್ಲ, ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನೂ ಉಪಾಧ್ಯಾಯನೂ ಸಾಲಸೋಲ ಮಾಡಿ ಕೊಳ್ಳಬಹುದಾಗಿದ್ದ ಗಾಡಿ. 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅವುಗಳಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹಡಗೇರಿತು.

ಆ ಅಮೆರಿಕವೇ ಕೊನೆಗೆ ಮುಳುವಾಯಿತು ಎನ್ನುವವರಿದ್ದಾರೆ. ಪೌಂಡಿನ ಬೆಲೆ ಏರಿ, ಅಲ್ಲಿ ಮಾರಿದ ಪ್ರತಿ ಕಾರಿನಲ್ಲೂ ನಷ್ಟವೇ ಎಂದು ಒಡೆತನದ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆ ಲೆಕ್ಕ ಕೊಟ್ಟಿತು. 1979ರ ಸೆಪ್ಟೆಂಬರಿನಲ್ಲಿ ಊರು ಕಾರ್ಖಾನೆಯ ಐವತ್ತನೆಯ ವರ್ಷದ ಸಂಭ್ರಮವನ್ನು ಬೀದಿಬೀದಿಗಳಲ್ಲಿ ಆಚರಿಸಿತು. ಆ ತೋರಣಗಳು ಬಾಡುವ ಮುನ್ನವೇ, 10ನೆಯ ತಾರೀಖು ಸೋಮವಾರ, ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಹೊರಬಿದ್ದಿತು. ಎಂಜಿ ಪ್ರಿಯರು ಲಂಡನ್ನಿನಲ್ಲಿ ಕಾರುಗಳ ಮೆರವಣಿಗೆ ತೆಗೆದರು. ಆಸ್ಟನ್ ಮಾರ್ಟಿನ್ ಸಂಸ್ಥೆಯ ಮುಂದಾಳುತನದಲ್ಲಿ ಕೆಲವರು ಕೊಂಡುಕೊಳ್ಳಲು ಮುಂದೆ ಬಂದರು, ಹಣ ಕೂಡಲಿಲ್ಲ. 1980ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು.

ಆಮೇಲಿನದನ್ನು ಚುಟುಕಾಗಿ ಹೇಳಿದರೆ ಸಾಕು. ಆ ಐವತ್ತನೆಯ ವರ್ಷಕ್ಕೆಂದು ಊರಿನ ಮೋರ್ಲೆಂಡ್ ಮದ್ಯಶಾಲೆ ಒಂದು ಬಿಯರನ್ನು ತಯಾರಿಸಿ, ಬಣ್ಣದ ಹನಿ ಸಿಡಿದು ಮೈಯೆಲ್ಲ ಚುಕ್ಕೆಯಾಗಿದ್ದ ಕಾರ್ಖಾನೆಯ ಹಳೆಯ ಓಡಾಟದ ಕಾರಿನ ಅಡ್ಡಹೆಸರನ್ನೇ ಅದಕ್ಕಿಟ್ಟಿತ್ತು. ಕಾರ್ಖಾನೆ ಹೋಯಿತು. 2000ದಲ್ಲಿ ಮದ್ಯಶಾಲೆಯೂ ಬೇರೆಯವರ ಪಾಲಾಗಿ ಮುಚ್ಚಿತು. ಬಿಯರು ಮಾತ್ರ ದೂರದ ಇನ್ನೊಂದು ಊರಿನಿಂದ ಬರುತ್ತದೆ. ಎಂಜಿ ಎಂಬ ಹೆಸರು ಕೈಯಿಂದ ಕೈಗೆ ದಾಟಿ, 2005ರಲ್ಲಿ ಎಂಜಿ ರೋವರ್ ದಿವಾಳಿಯಾದ ಮೇಲೆ ಚೀನದವರದಾಯಿತು. 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾದ ಕಾರುಗಳ ಮೂತಿಯ ಮೇಲೆ ಅದೇ ಅಷ್ಟಕೋನ ಮುದ್ರೆ ಭಾರತದ ಬೀದಿಗಳಿಗೆ ಬಂದಿದೆ. ಮೈಸೂರು ರಸ್ತೆಯಲ್ಲಿ ಅದನ್ನು ಕಂಡವರಿಗೆ ಚರ್ಮದ ಕಾರ್ಖಾನೆಯ ನೆರೆಯ ಆ ಕೊಟ್ಟಿಗೆ ಹೊಳೆಯಬೇಕೆಂದೇನೂ ಇಲ್ಲ.

ಆಬಿಂಗ್ಡನ್ನಿನ ಕಾರ್ಖಾನೆಯ ಜಾಗದಲ್ಲಿ ಈಗ ಬೇರೆ ಬೇರೆ ಕಟ್ಟಡಗಳೆದ್ದಿವೆ. ನೋಡಲು ಅಂಥದೇನಿಲ್ಲ. ಊರಿನ ಎಂಜಿಯನ್ನು ನೋಡಬೇಕಾದರೆ ಸುತ್ತಿನ ಹಳ್ಳಿಗಳ ಮನೆಗಳ ಷೆಡ್ಡುಗಳಲ್ಲಿ ನೋಡಬೇಕು. ಅತ್ಯಂತ ಕಿರಿಯ ಎಂಜಿಬಿಗೂ ನಾಲ್ವತ್ತು ದಾಟಿದೆ. ಅದನ್ನು ಹೊಸದರಲ್ಲಿ ಕೊಂಡವರಿಗೆ ಎಪ್ಪತ್ತು ಸಮೀಪಿಸಿದೆ ಅಥವಾ ಮೀರಿದೆ. ಲೇಲ್ಯಾಂಡಿನ ಲೆಕ್ಕಿಗರು 1979ರಲ್ಲಿ ಎತ್ತಿದ ಪ್ರಶ್ನೆ ಈಗ ಒಂದೊಂದು ಮನೆಯಲ್ಲೂ ಎದ್ದಿದೆ: ಇಟ್ಟುಕೊಳ್ಳುವುದೋ, ಮಾರುವುದೋ?

ಅಂಥ ಒಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ನಿವೃತ್ತನಾದ ಉಪಾಧ್ಯಾಯ, ಅವನ ಹೆಂಡತಿ, ಮತ್ತು 1972ರ ಒಂದು ಹಸಿರು ಎಂಜಿಬಿ. ಮದುವೆಯಾದ ಹೊಸತರಲ್ಲಿ ಅದರಲ್ಲಿ ಕುಳಿತು ಸ್ಕಾಟ್ಲೆಂಡಿಗೆ ಹೋದದ್ದುಂಟು. ಮಕ್ಕಳಾದ ಮೇಲೆ ಎರಡು ಆಸನದ ಕಾರು ಸಾಲದಾಗಿ ಅದು ಷೆಡ್ಡು ಸೇರಿತು. ಮಕ್ಕಳು ಮನೆ ಬಿಟ್ಟ ಮೇಲೆ ಮತ್ತೆ ಹೊರಬಂದಿತು. ಈಗ ಮೊಣಕಾಲು ಮಾತು ಕೇಳುವುದಿಲ್ಲ. ನೆಲಕ್ಕೆ ಗೇಣಳತೆಯಲ್ಲಿರುವ ಆ ಆಸನಕ್ಕೆ ಇಳಿಯುವುದು ಸುಲಭ, ಏಳುವುದು ಕಷ್ಟ. ಮಳೆ ಬಂದರೆ ಟಾಪಿನ ಅಂಚಿನಿಂದ ಹೆಂಡತಿಯ ಮಡಿಲಿಗೇ ಹನಿ ಬೀಳುತ್ತದೆ. ಹೊಸದಾಗಿದ್ದಾಗಲೂ ಬೀಳುತ್ತಿತ್ತು, ಆಗ ಯಾರೂ ಅದನ್ನು ಕುರಿತು ಮಾತನಾಡಲಿಲ್ಲ ಎಂಬುದು ಆಕೆಯ ವಾದ.

ಮೊಣಕಾಲಿನ ನೋವಿಗಿಂತ ದೊಡ್ಡದು ತುಕ್ಕು. ಎಂಜಿಬಿಗೆ ಬೇರೆಯಾದ ಚಾಸಿಯಿಲ್ಲ. ಅದರ ಮೈಯೇ ಅದರ ಎಲುಬು. ಬಾಗಿಲುಗಳ ಕೆಳಗೆ ಮುಂಚಕ್ರದಿಂದ ಹಿಂಚಕ್ರದ ಕಡೆಗೆ ಹಾಯುವ ಪೆಟ್ಟಿಗೆಯಂಥ ಉಕ್ಕಿನ ತೊಲೆಗಳೇ ಇಡೀ ಕಾರಿನ ಬೆನ್ನುಮೂಳೆ. ಇಂಗ್ಲೆಂಡಿನಲ್ಲಿ ಚಳಿಗಾಲದ ರಸ್ತೆಗಳಿಗೆ ಮಂಜುಗಡ್ಡೆ ಕಟ್ಟದಿರಲೆಂದು ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ತೊಲೆಯ ಒಳಹೊಕ್ಕು ಒಳಗಿನಿಂದಲೇ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಬೆರಳಿನಿಂದ ಒತ್ತಿದರೆ ಹಪ್ಪಳದ ಸದ್ದು. ಸರಿಪಡಿಸಬೇಕಾದರೆ ಹಳೆಯದನ್ನು ಕತ್ತರಿಸಿ ತೆಗೆದು ಹೊಸ ತೊಲೆಯನ್ನು ಬೆಸುಗೆ ಹಾಕಬೇಕು. ಅದಕ್ಕೆ ಮುಂಚೆ ಮೈಯನ್ನು ಸರಿಯಾಗಿ ಆನಿಸಿ ನಿಲ್ಲಿಸದಿದ್ದರೆ ಕಾರು ನಡುವೆ ಬಾಗಿ, ಆಮೇಲೆ ಬಾಗಿಲು ಮುಚ್ಚಿಕೊಳ್ಳದು. ಕೆಲಸ ಬಲ್ಲವನು ಸಾವಿರಾರು ಪೌಂಡು ಕೇಳಿದರೆ ಅನ್ಯಾಯವೆನ್ನುವಂತಿಲ್ಲ.

ಉಪಾಧ್ಯಾಯನು ಕಾಗದವನ್ನು ಎರಡು ಭಾಗ ಮಾಡಿ ಲೆಕ್ಕ ಬರೆದಾನು. ಇಟ್ಟುಕೊಳ್ಳುವುದರ ಕಡೆಗೆ ಸರ್ಕಾರವೇ ಕೆಲವು ಸಾಲು ಬರೆದುಕೊಟ್ಟಿದೆ. ನಾಲ್ವತ್ತು ತುಂಬಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆಯಿಲ್ಲ. 2018ರ ಮೇ ತಿಂಗಳಿನಿಂದ, ಬಹಳವಾಗಿ ಮಾರ್ಪಡಿಸಿರದಿದ್ದರೆ, ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ಈ ಎರಡನೆಯ ರಿಯಾಯಿತಿ ಒಡೆಯನಿಗೆ ಉಪಕಾರವೋ ಅಪಕಾರವೋ ಹೇಳುವುದು ಕಷ್ಟ. ಕಣ್ಣಿಗೆ ಕಾಣದ ತುಕ್ಕನ್ನು ಪತ್ತೆ ಮಾಡುತ್ತಿದ್ದುದು ಆ ತಪಾಸಣೆಯೇ ತಾನೆ? ಮಾರುವುದರ ಕಡೆಗೆ ಪೆಟ್ರೋಲಿದೆ. ಸೀಸ ಬೆರೆತ ಪೆಟ್ರೋಲು 2000ದ ಹೊತ್ತಿಗೆ ಹೋಯಿತು. ಎಂಜಿನ್ನಿನ ವಾಲ್ವುಗಳು ಕೂರುವ ಜಾಗಕ್ಕೆ ಗಟ್ಟಿ ಲೋಹವನ್ನು ಹಾಕಿಸಬೇಕಾಯಿತು. 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲು. ಹಳೆಯ ರಬ್ಬರು ಕೊಳವೆಗಳಿಗೆ ಅದು ಒಗ್ಗದು. ಭಾರತದ ಓದುಗರಿಗೂ ಈ ಗೋಳು ಅಪರಿಚಿತವಲ್ಲ.

ಮಾರಿದರೆ ಬರುವುದೆಷ್ಟು? ಇಲ್ಲಿ ಒಂದು ವಿಚಿತ್ರವಿದೆ. 5 ಲಕ್ಷಕ್ಕೂ ಮೇಲೆ ತಯಾರಾದ ಕಾರು ಅಪರೂಪದ ವಸ್ತುವಲ್ಲ. ಫೆರಾರಿಯಂತೆ ಅದರ ಬೆಲೆ ಆಕಾಶಕ್ಕೇರಲಿಲ್ಲ. ಪೂರ್ಣವಾಗಿ ಜೀರ್ಣೋದ್ಧಾರ ಮಾಡಿಸಿದವನಿಗೆ ಹಾಕಿದ ಹಣ ಹಿಂದಿರುಗುವುದು ದುರ್ಲಭ. ಆದರೆ ಅಷ್ಟು ಹೇರಳವಾಗಿ ತಯಾರಾದುದರಿಂದಲೇ ಅದರ ಬಿಡಿಭಾಗಗಳು ಇಂದಿಗೂ ಸಿಕ್ಕುತ್ತವೆ. ಅದನ್ನು ಅಗ್ಗವಾಗಿಸಿದ ಕಾರಣವೇ ಅದನ್ನು ಬದುಕಿಸಿದೆ. ತಿರುಪಿನಿಂದ ಹಿಡಿದು ಆಸನದ ಚರ್ಮದವರೆಗೆ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಅಷ್ಟೇಕೆ, ಇಡೀ ಮೈಯನ್ನೇ ಕೊಳ್ಳಬಹುದು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಚದುರಿಹೋಗಿದ್ದ ಹಳೆಯ ಅಚ್ಚುಗಳನ್ನು ಒಟ್ಟುಗೂಡಿಸಿ, 1988ರಲ್ಲಿ ಎಂಜಿಬಿಯ ಹೊಚ್ಚಹೊಸ ಉಕ್ಕಿನ ಮೈಯನ್ನು ತಯಾರಿಸಲು ಆರಂಭಿಸಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷದ ಮೇಲೆ! ಮೊದಲು ಫಾರಿಂಗ್ಡನ್ನಿನಲ್ಲಿ, ಆಮೇಲೆ ಕಂಬಳಿಗಳಿಗೆ ಹೆಸರಾಗಿದ್ದ ವಿಟ್ನಿಯಲ್ಲಿ ಈ ಕೆಲಸ ನಡೆಯಿತು.

ಆಬಿಂಗ್ಡನ್ನಿನಿಂದ ವಿಟ್ನಿಗೆ ಹೋಗುವ ದಾರಿ ಟಾಪು ಮಡಿಸಿಟ್ಟ ಕಾರಿಗೆಂದೇ ಹಾಕಿದಂತಿದೆ. ಮಾರ್ಚಮ್ ದಾಟಿ, ಕಿಂಗ್‌ಸ್ಟನ್ ಬ್ಯಾಗ್‌ಪ್ಯೂಜ್ ಎಂಬ ನಾಲಗೆ ತೊಡರುವ ಹೆಸರಿನ ಹಳ್ಳಿಯನ್ನು ದಾಟಿ, ರಸ್ತೆ ನ್ಯೂಬ್ರಿಜ್ಜಿನಲ್ಲಿ ಥೇಮ್ಸನ್ನು ಹಾಯುತ್ತದೆ. ಹೆಸರಿಗೆ ಹೊಸ ಸೇತುವೆ. ಥೇಮ್ಸ್ ನದಿಯ ಅತ್ಯಂತ ಹಳೆಯ ಸೇತುವೆಗಳಲ್ಲಿ ಅದೂ ಒಂದು, ಹದಿಮೂರನೆಯ ಶತಮಾನದ್ದು. ಕಲ್ಲು ಸಡಿಲಿದಾಗ ಕಲ್ಲು ಬದಲಿಸುತ್ತ ಬಂದಿದ್ದಾರೆ, ಯಾರೂ ಅದನ್ನು ಬೇರೆ ಸೇತುವೆ ಎನ್ನಲಿಲ್ಲ. ಹಳೆಯ ಎಂಜಿನ್ನು, ಹಳೆಯ ಚಕ್ರ, ಹಳೆಯ ಸ್ಟೀರಿಂಗಿಗೆ ಹೊಸ ಮೈ ತೊಡಿಸಿದರೆ ಅದು ಸ್ಕಾಟ್ಲೆಂಡಿಗೆ ಹೋಗಿದ್ದ ಕಾರೇ ಆಗಿರುತ್ತದೆಯೆ? ಆ ಬಾಗಿಲಿನ ಗೀರು, ಮಗಳು ಚಿಕ್ಕವಳಾಗಿದ್ದಾಗ ಸೈಕಲ್ಲಿನಿಂದ ಮಾಡಿದ್ದು, ಹಳೆಯ ಮೈಯೊಡನೆ ಗುಜರಿಗೆ ಹೋಗುತ್ತದೆ. ಲೆಕ್ಕದ ಕಾಗದದಲ್ಲಿ ಅದಕ್ಕೆ ಕಲಮು ಇಲ್ಲ.

ಕನ್ನಡನಾಡಿನಲ್ಲೇ ಇದಕ್ಕೆ ಹತ್ತಿರದ ಊರೊಂದಿದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಮಾರಲೊಲ್ಲದೆ ಒರಸಿ ಒರಸಿ ಇಟ್ಟುಕೊಂಡವರು ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದಾರೆ. ಜುಲೈ ತಿಂಗಳ ಒಂದು ಭಾನುವಾರ ಅವರೆಲ್ಲ ಸೇರಿ ಗಾಡಿಗಳ ಹಬ್ಬವನ್ನೇ ಮಾಡುತ್ತಾರೆ. ಅಪ್ಪನ ಗಾಡಿಯನ್ನು ಮಾರಿದರೆ ಅಪ್ಪನನ್ನೇ ಮಾರಿದಂತೆ ಎಂಬ ಭಾವನೆ ಮೈಸೂರಿನಲ್ಲಿದ್ದರೆ, ಅದು ಆಬಿಂಗ್ಡನ್ನಿನಲ್ಲಿ ಇರಬಾರದೆಂದೇನು?

ಆದರೆ ಭಾವನೆಯೊಂದರಿಂದಲೇ ಕಾರು ಉಳಿಯದು. ಹೊದಿಕೆಯ ಕೆಳಗೆ ವರ್ಷಗಟ್ಟಲೆ ನಿಂತ ಎಂಜಿಬಿಗಿಂತ ದಿನವೂ ಓಡುವ ಎಂಜಿಬಿಯೇ ಎಷ್ಟೋ ವಾಸಿ. ನಿಂತ ಕಾರಿನಲ್ಲಿ ಬ್ರೇಕು ಹಿಡಿದುಕೊಳ್ಳುತ್ತದೆ, ಪೆಟ್ರೋಲು ಕೆಡುತ್ತದೆ, ರಬ್ಬರು ಬಿರುಕು ಬಿಡುತ್ತದೆ. ತುಕ್ಕಿಗಂತೂ ಕಾರು ಓಡಬೇಕೆಂಬ ನಿಯಮವೇ ಇಲ್ಲ. ಪ್ರೀತಿಯೆಂದು ಹೇಳಿಕೊಂಡು ಷೆಡ್ಡಿನಲ್ಲಿ ಕೊಳೆಯಿಸುವವನಿಗಿಂತ, ಓಡಿಸಬಲ್ಲ ಹುಡುಗನಿಗೆ ಕಡಿಮೆ ಬೆಲೆಗಾದರೂ ಕೊಟ್ಟವನು ಕಾರಿಗೆ ಹೆಚ್ಚು ಉಪಕಾರ ಮಾಡಿದಂತಾಯಿತು. ವಾರಕ್ಕೊಮ್ಮೆ ನ್ಯೂಬ್ರಿಜ್ಜಿನವರೆಗೆ ಹೋಗಿಬರುವ ಮೊಣಕಾಲು ಇನ್ನೂ ಇದೆಯೆ ಎಂಬುದೇ ಉಪಾಧ್ಯಾಯನು ಕೇಳಿಕೊಳ್ಳಬೇಕಾದ ಪ್ರಶ್ನೆ. ಬೆಸುಗೆಯವನ ಬಿಲ್ಲು ಆಮೇಲಿನ ಮಾತು.

ತೀರ್ಮಾನದ ಕಾಲ ಸಾಮಾನ್ಯವಾಗಿ ಅಕ್ಟೋಬರು. ಕಾರ್ಖಾನೆ ಬಾಗಿಲು ಮುಚ್ಚಿದ ತಿಂಗಳೂ ಅದೇ. ರಸ್ತೆಗೆ ಉಪ್ಪು ಬೀಳುವ ಕಾಲ ಹತ್ತಿರವಾಗುತ್ತದೆ. ಮಾರುವವರು ಅಷ್ಟರೊಳಗೆ ಮಾರಲು ನೋಡುತ್ತಾರೆ. 1972ರ ಎಂಜಿಬಿಯಲ್ಲಿ ಆರಾರು ವೋಲ್ಟಿನ ಎರಡು ಬ್ಯಾಟರಿಗಳನ್ನು ಆಸನಗಳ ಹಿಂದೆ, ನೆಲದ ಕೆಳಗಿನ ಗೂಡುಗಳಲ್ಲಿ ಇರಿಸಿದ್ದಾರೆ. ಅವುಗಳ ತಂತಿ ಕಳಚಬೇಕಾದರೆ ಒಳಗೆ ಬಗ್ಗಿ, ಹಾಸನ್ನು ಎತ್ತಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಕೈಯಾಡಿಸಬೇಕು. ಸಂಜೆಯ ಹೊತ್ತು ಹೆಂಡತಿ ಟಾರ್ಚು ಹಿಡಿದು ನಿಲ್ಲುತ್ತಾಳೆ. ಮಾರುವ ಜಾಹೀರಾತಿನ ಒಕ್ಕಣೆ ಅಡಿಗೆಮನೆಯ ಮೇಜಿನ ಮೇಲೆ ಅರ್ಧ ಬರೆದಿದೆ. ಟಾಪು ಸೋರುತ್ತದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಆಕೆ ಹಟ ಹಿಡಿದಿದ್ದಾಳೆ.