ಹುತ್ತದ ನಾಗಪ್ಪ, ಘಟ್ಟದ ಕಾಳಿಂಗ

ಪಂಚಮಿಗೆ ಸುರೇಬಾನದ ಅತ್ತಿಯ ಮನೆಯಲ್ಲಿದ್ದೆ. ಜೋಕಾಲಿ ಕಟ್ಟಿಯಾಗಿತ್ತು, ಅಳ್ಳು ಹುರಿದಾಗಿತ್ತು. ಹುತ್ತದ ಮಣ್ಣಿನ ನಾಗಪ್ಪನಿಗೆ ಕೊಬ್ಬರಿ ಬಟ್ಟಲಿನಿಂದ ಹಾಲು ಎರೆಯುತ್ತ ಅತ್ತಿ ಮನೆಮಂದಿಯ ಹೆಸರನ್ನು ಒಂದೊಂದಾಗಿ ಹೇಳಿ ಅವರವರ ಪಾಲು ಹಾಕಿದರು. ಪುಣೆಯಲ್ಲಿರುವ ಮಗನ ಪಾಲೂ ತಪ್ಪಲಿಲ್ಲ.

“ನಾಳೆ ಆಗುಂಬೆಗೆ ಹೊಂಟೀನ್ರೀ ಅತ್ತಿ, ಕಾಳಿಂಗ ನೋಡಾಕ.”

“ಇಲ್ಲೇ ಶಬರಿಕೊಳ್ಳಕ್ಕ ಹೋಗಿ ಬಾ ಅಂದ್ರ ಒಲ್ಲೆ ಅಂತಿ. ಹಾವು ನೋಡಾಕ ಅಷ್ಟು ದೂರ ಹೊಂಟೀಯೇನಪಾ?” ಎಂದು ನಕ್ಕು, ಶೇಂಗಾ ಉಂಡಿ ಕಟ್ಟಿಕೊಟ್ಟರು.

ಹಾವಿನ ಹೆಸರಿನ ಹುಚ್ಚು ನನಗೆ ಹಿಡಿದದ್ದು ಕಾಲೇಜಿನಲ್ಲಿ. ಪ್ರಾಣಿಶಾಸ್ತ್ರದ ಪ್ರಯೋಗಾಲಯದ ಕಪಾಟಿನಲ್ಲಿ ಒಂದು ಗಾಜಿನ ಭರಣಿ, ಅದರೊಳಗೆ ಸುರುಳಿ ಸುತ್ತಿದ ನಾಗರಹಾವು. ಬಣ್ಣವೆಲ್ಲ ಬಿಟ್ಟುಹೋಗಿ ನೆನೆಸಿದ ಹಗ್ಗದಂತಾಗಿತ್ತು. ಚೀಟಿಯ ಮೇಲೆ ‘ನಾಜ ನಾಜ’ ಎಂಬುದಷ್ಟೇ ಓದಲು ಬರುತ್ತಿತ್ತು. ಊರು, ತಾರೀಖು ಇದ್ದ ಕಡೆ ಶಾಯಿ ಕದಡಿ ನೀಲಿ ಕಲೆ. ಆಗ ಅದೇನು ದೊಡ್ಡ ನಷ್ಟವೆಂದು ಅನಿಸಿರಲಿಲ್ಲ.

ಈ ‘ನಾಜ’ ನಮ್ಮ ‘ನಾಗ’ವೇ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಅದನ್ನು ಲ್ಯಾಟಿನ್ ಹೆಸರುಗಳ ಸಾಲಿಗೆ ಸೇರಿಸಿದ. ಹತ್ತು ವರ್ಷ ಬಿಟ್ಟು ಲಾರೆಂಟಿ ಎಂಬಾತ ಪುಸ್ತಕದಲ್ಲಿ ಅಚ್ಚಾಗಿದ್ದ ಚಿತ್ರಗಳನ್ನು ನೋಡಿಕೊಂಡೇ ಹೊಸ ಹೊಸ ನಾಗಗಳನ್ನು ಹುಟ್ಟಿಸಿದ. ಕಾಡಿನಲ್ಲಿ ಒಂದೂ ನಾಗರಹಾವಿಲ್ಲದ ಬ್ರೆಜಿಲ್ಲಿನ ಹೆಸರಲ್ಲೂ ಒಂದು! ಮುಂದೆ ಇದಕ್ಕೆ ತಿರುಗಾಮುರುಗಾ ಆಯಿತು. ಏಷ್ಯಾದ ನಾಗರಗಳನ್ನೆಲ್ಲ ಒಂದೇ ಹೆಸರಿನ ಚೀಲಕ್ಕೆ ತುಂಬಿದರು. ಹಾವುತಜ್ಞ ವುಲ್ಫ್‌ಗಾಂಗ್ ವೂಸ್ಟರ್ ಮತ್ತು ಸಂಗಡಿಗರು ಆ ಗಂಟನ್ನು ಬಿಡಿಸಿದ್ದು 1990ರ ದಶಕದಲ್ಲಿ. ಮ್ಯೂಸಿಯಮ್ಮಿನ ಭರಣಿಗಳಿಗೆ ಬೆಲೆ ಬರುವುದು ಇಂಥಲ್ಲೇ. ಹೆಸರಿಟ್ಟವನ ಮುಂದೆ ಅಂದು ಇದ್ದ ಹಾವು ಯಾವುದು, ಎಲ್ಲಿಯದು ಎಂಬುದರ ಮೇಲೆ ಆ ಹೆಸರು ನಿಲ್ಲುತ್ತದೆ. ನಮ್ಮ ಎರೆಹೊಲಗಳ ಬಾಂದುಕಲ್ಲಿನ ಹಾಗೆ. ಕಲ್ಲು ಕಿತ್ತರೆ ಜಗಳ.

ಧಾರವಾಡ ದಾಟಿ, ಶಿವಮೊಗ್ಗ ದಾಟಿ, ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಉಂಡಿಗಳು ಆಗಲೇ ಮೆತ್ತಗಾಗಿದ್ದವು. ಆಗುಂಬೆಯ ಮಳೆ ಬಯಲುಸೀಮೆಯವನಿಗೆ ಮೊದಲು ಸಂಭ್ರಮ, ಆಮೇಲೆ ದಿಗಿಲು. ನಾನಿಳಿದಿದ್ದ ತೋಟದ ಮನೆಯಲ್ಲಿ ಒಲೆಯ ಮೇಲೆ ಕಟ್ಟಿದ ಬಟ್ಟೆಯೂ ಒಣಗುತ್ತಿರಲಿಲ್ಲ.

ಮೂರನೆಯ ದಿನ ಮಳೆ ಹೊಳವಾಯಿತು. ಎಳೆಬಿಸಿಲು. “ಬನ್ನಿ, ಮೆಲ್ಲಗೆ ಬನ್ನಿ” ಎಂದು ಮನೆಯ ಯಜಮಾನರು ಕೈಸನ್ನೆ ಮಾಡಿದರು. ಸೌದೆ ಕೊಟ್ಟಿಗೆಯ ಕಡೆ ನಾಯಿ ಗುರುಗುಟ್ಟಿದಂತಾಯಿತು. ನಾಯಿ ಇರಲಿಲ್ಲ. ಇದ್ದದ್ದು ನನ್ನ ಸೊಂಟದೆತ್ತರಕ್ಕೆ ಎದ್ದು ನಿಂತ ಕಾಳಿಂಗ. ಹೆಡೆ ನಾಗರದಷ್ಟು ಅಗಲವಿಲ್ಲ, ಅದರ ಮೇಲೆ ಕನ್ನಡಕದ ಗುರುತೂ ಇಲ್ಲ. (ಕ್ಯಾಲೆಂಡರಿನಲ್ಲಿ ಕೃಷ್ಣ ಕುಣಿಯುವ ಕಾಳಿಂಗನ ಹೆಡೆ ನೋಡಿ, ಬಹುಪಾಲು ನಾಗರದ್ದೇ.) ಒಂದು ನಿಮಿಷ ನಮ್ಮನ್ನು ನೋಡಿತು. ಆಮೇಲೆ ಹೆಡೆ ಇಳಿಸಿ, ಅವಸರವಿಲ್ಲದೆ ಅಡಿಕೆ ಮರಗಳ ನಡುವೆ ಹರಿಯತೊಡಗಿತು. ಮೈಮೇಲಿನ ಮಾಸಲು ಪಟ್ಟೆಗಳನ್ನು ಎಣಿಸಲು ಹೋದೆ. ಹತ್ತೊಂಬತ್ತಕ್ಕೆ ಲೆಕ್ಕ ತಪ್ಪಿತು, ಹಾವು ಇನ್ನೂ ಮುಗಿದಿರಲಿಲ್ಲ.

“ಕೇರೆ ಹಿಡಿಯೋಕೆ ಬಂದಿತ್ತು ಮಾರಾಯ್ರೆ” ಎಂದು ಯಜಮಾನರು ಕಾಫಿಗೆ ಕರೆದರು. ನನ್ನ ಕೈಯಲ್ಲಿ ಲೋಟ ನಡುಗುತ್ತಲೇ ಇತ್ತು.

ಆ ಪಟ್ಟೆಗಳಲ್ಲೇ ಕಥೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಥಿಯೊಡೋರ್ ಕ್ಯಾಂಟರ್ 1836ರಲ್ಲಿ ಬಂಗಾಳದ ಸುಂದರಬನದ ಹಾವಿಗೆ ‘ಹನ್ನಾ’ ಎಂದು ಹೆಸರಿಟ್ಟ. ಭಾರತದಿಂದ ಫಿಲಿಪೀನ್ಸ್‌ವರೆಗಿನ ಕಾಳಿಂಗಗಳಿಗೆಲ್ಲ ಅದೇ ಹೆಸರು ಅಂಟಿಕೊಂಡಿತು. 2005ರಲ್ಲಿ ನಮ್ಮ ಘಟ್ಟದ ಕಾಳಿಂಗದಿಂದ ಕಚ್ಚಿಸಿಕೊಂಡ ಹಾವುತಜ್ಞ ಪಿ. ಗೌರಿಶಂಕರರಿಗೆ ಥಾಯ್ಲೆಂಡಿನ ಕಾಳಿಂಗದ ವಿಷಕ್ಕೆಂದು ತಯಾರಾದ ಔಷಧ ನಾಟಲಿಲ್ಲ. ಬದುಕಿ ಉಳಿದವರು, ಎರಡೂ ಒಂದೇ ಹಾವಾದರೆ ಹೀಗೇಕೆ ಎಂದು ಕೇಳತೊಡಗಿದರು. ಇಂದ್ರನೀಲ್ ದಾಸ್, ವೂಸ್ಟರ್ ಮೊದಲಾದವರೊಂದಿಗೆ ಡಿಎನ್‌ಎ ಪರೀಕ್ಷೆಯ ಜೊತೆಗೆ ಮ್ಯೂಸಿಯಮ್ಮುಗಳ 153 ಹಾವುಗಳನ್ನು ನೋಡಿ, 2024ರಲ್ಲಿ ಕಾಳಿಂಗ ಒಂದಲ್ಲ, ನಾಲ್ಕು ಎಂದು ತೋರಿಸಿದರು. ಸುಂದರಬನದ ಕಡೆಯದಕ್ಕೆ ‘ಹನ್ನಾ’ ಉಳಿಯಿತು. ಜಾವಾ, ಮಲಯದ ಕಡೆಯದಕ್ಕೆ 1837ರ ‘ಬಂಗಾರಸ್’ ಎಂಬ ಹೆಸರು ಮತ್ತೆ ಎದ್ದುಬಂತು. ಲುಜಾನ್ ದ್ವೀಪದ್ದು ‘ಸಾಲ್ವತಾನ’. ಮೈಮೇಲೆ ನಲವತ್ತಕ್ಕಿಂತ ಕಡಿಮೆ ಪಟ್ಟೆಯಿರುವ ನಮ್ಮ ಪಶ್ಚಿಮಘಟ್ಟದ ಹಾವು ‘ಓಫಿಯೋಫೇಗಸ್ ಕಾಳಿಂಗ’.

ಲಿನೇಯಸನ ಪಟ್ಟಿಯಲ್ಲೀಗ ನಮ್ಮವರ ಬಾಯಿಮಾತು! ನನಗಂತೂ ಆಗುಂಬೆಯ ಸೂರ್ಯಾಸ್ತಕ್ಕಿಂತ ಇದೇ ದೊಡ್ಡದೆನಿಸಿತು. ಅಂದಹಾಗೆ, ಸೂರ್ಯಾಸ್ತ ಕಾಣಲೇ ಇಲ್ಲ, ಬರೀ ಮಂಜು.

ಊರು ಬರೆದಿಟ್ಟ ಭರಣಿಗಳಿದ್ದದ್ದಕ್ಕೆ ಆ ಲೆಕ್ಕ ಕೂಡಿಬಂತು. ನಮ್ಮ ಕಾಲೇಜಿನ ನಾಗರ ರಾಮದುರ್ಗದ್ದೋ, ಸವದತ್ತಿಯದ್ದೋ, ಇನ್ನು ಹೇಳುವವರಿಲ್ಲ. ನಿಮ್ಮೂರ ಕಾಲೇಜಿನಲ್ಲಿ ಅಂಥ ಭರಣಿ ಇದ್ದರೆ, ಅದನ್ನು ತಂದಿಟ್ಟ ಮೇಷ್ಟರು ಇನ್ನೂ ಇದ್ದರೆ, ಹೋಗಿ ಕೇಳಿ ಊರು, ತಾರೀಖು ಬರೆದು ಒಳಗೆ ಹಾಕಿಸಿ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಕದಡುತ್ತದೆ.